ಸಾಹೇಬರ ದ್ವೀಪದಲ್ಲಿ ನಮ್ಮವ್ವನ ಚರಗ

ವಿಮಾನ ಬೀಳಬಹುದಿತ್ತು. ಬೀಳದಿದ್ದರೆ, ಕಿಟಕಿಯ ಬಾಜು ಕೂತ ನಮ್ಮವ್ವ ಅರ್ಧ ದಾರಿಯಲ್ಲಿ ಎದ್ದು ನಿಂತು "ಸಾಕಾತು, ನನ್ನ ಇಲ್ಲೇ ಇಳಸ್ರಿ" ಎನ್ನಬಹುದಿತ್ತು. ಅವಳ ಬಿ.ಪಿ. ಏರಬಹುದಿತ್ತು, ನನ್ನದು ಹೇಗೂ ಏರಿಯೇ ಇತ್ತು. ದೋಣಿ ಮುಗುಚಬಹುದಿತ್ತು. ಮುಗುಚಿದರೆ, ಈಜು ಬಾರದ ನಾನು ಈಜು ಬಾರದ ಇಬ್ಬರು ಹೆಂಗಸರನ್ನು ಉಳಿಸಲು ಹೋಗಿ ಮೂವರಲ್ಲಿ ಮೊದಲು ಮುಳುಗಬಹುದಿತ್ತು. ಭೂಮಿ ನಡುಗಬಹುದಿತ್ತು, ಸಮುದ್ರ ಎದ್ದು ಊರೊಳಗೆ ಬರಬಹುದಿತ್ತು. ಎರಡೂ ಅಲ್ಲಿ ಹಿಂದೆ ಆಗಿವೆ, ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಮೊಸಳೆ ಇತ್ತು. ಮೊಸಳೆ ತಪ್ಪಿದರೆ ಮಲೇರಿಯಾ ಇತ್ತು. ತಲೆಯ ಮೇಲೆ ತೆಂಗಿನಕಾಯಿ ಬೀಳಬಹುದಿತ್ತು. ಇದಕ್ಕೆ ನಗುವವರು ಒಂದು ಮಧ್ಯಾಹ್ನ ತೆಂಗಿನಮರದ ಕೆಳಗೆ ಅಂಗಾತ ಮಲಗಿ ನೋಡಬೇಕು. ಇತ್ತ ಅಣ್ಣಿಗೇರಿಯಲ್ಲಿ, ನಾನು ಬಂದ್ ಮಾಡಿದ್ದೇನೋ ಇಲ್ಲವೋ ನೆನಪಾಗದ ನಳದಿಂದ ನೀರು ಹರಿದು, ಪಡಸಾಲೆ ತುಂಬಿ, ಹೊಸ್ತಿಲು ದಾಟಿ, ಬಾಜು ಮನೆಯ ಮೆಣಸಿನಕಾಯಿ ಚೀಲಗಳನ್ನು ತೋಯಿಸಿ, ನಾವು ಮರಳುವ ಹೊತ್ತಿಗೆ ನಮ್ಮ ಮನೆಯೇ ಒಂದು ದ್ವೀಪವಾಗಿ ನಿಂತಿರಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಒಂದೇ, ಅದೂ ಸಣ್ಣದು, ಅದೂ ನಾನು ಚಿಂತೆ ಮಾಡದೆ ಬಿಟ್ಟದ್ದು. ಇಷ್ಟು ವರ್ಷ ಚಿಂತೆ ಮಾಡಿಯೇ ಬದುಕಿದವನಿಗೆ ಇದು ಅವಮಾನದ ಮಾತು.

ನಾನು ಅಣ್ಣಿಗೇರಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ ಎಂದು ವರ್ಷವರ್ಷವೂ ಹೇಳುತ್ತೇನೆ. ನಮ್ಮ ಮಕ್ಕಳು ಅಂಥದ್ದನ್ನು ನೋಡಿರುವುದು ಮಳೆಗಾಲದ ಬಸ್ ನಿಲ್ದಾಣದಲ್ಲಿ ಮಾತ್ರ. ನಾನೂ ಅಷ್ಟೇ. ಹೆಂಡತಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಅವರಿಗೆ ಕೆಲವು ವರ್ಷಕ್ಕೊಮ್ಮೆ ಪ್ರವಾಸದ ಸವಲತ್ತು ಸಿಗುತ್ತದೆ. ಡಿಸೆಂಬರ್ ಮುಗಿಯುವುದರೊಳಗೆ ಬಳಸದಿದ್ದರೆ ಹೋಗುತ್ತದೆ.

"ಹೋಗೂದಾದ್ರ ಹೋಗ್ಲಿ ಬಿಡು," ಎಂದೆ.

"ಮದಿವ್ಯಾದಾಗಿಂದ ಇದನ್ನ ಅನ್ಕೋತ ಬಂದೀರಿ. ಕಾರವಾರ ದಾಟಿಲ್ಲ ನಾವು," ಎಂದಳು ಹೆಂಡತಿ. "ಈ ಸಲ ಅಂಡಮಾನ. ನೀವು ಬರ್ರಿ, ಬಿಡ್ರಿ."

ನಮ್ಮವ್ವ ಇರುವುದು ಅಣ್ಣನ ಜೊತೆ, ಅಣ್ಣಿಗೇರಿಯಿಂದ ಅರ್ಧ ತಾಸಿನ ದಾರಿಯ ಹಳ್ಳಿಯಲ್ಲಿ. ಹೊಲ ಅಲ್ಲಿದೆ, ಅಣ್ಣ ಅದನ್ನು ಮಾಡುತ್ತಾನೆ. ಅವ್ವನಿಗೆ ಎಪ್ಪತ್ತು ದಾಟಿ ಎಷ್ಟಾಯಿತೆಂದು ಅವಳಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿಗೂ ಗೊತ್ತಿಲ್ಲ. ಸುದ್ದಿ ಅವಳ ಕಿವಿಗೆ ಬಿದ್ದ ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ನಮ್ಮ ಮನೆಗೆ ಬಂದು ಕೂತಳು.

"ವಿಮಾನದಾಗ ಹೊಂಟೀರಂತಲ್ಲ. ನಾನೂ ಬರ್ತೀನಿ. ನಮ್ಮ ಓಣ್ಯಾಗ ಯಾರೂ ಕುಂತಿಲ್ಲ."

ಟಿಕೆಟ್ ಮಾಡಿಸುವ ಜವಾಬ್ದಾರಿ ನನ್ನದು. ನನ್ನಷ್ಟು ಎಚ್ಚರಿಕೆಯಿಂದ ಟಿಕೆಟ್ ಮಾಡಿಸಿದವರು ಧಾರವಾಡ ಜಿಲ್ಲೆಯಲ್ಲಿ ಇರಲಾರರು. ಚಂಡಮಾರುತದ ಕಾಲ ಮುಗಿದಿದೆಯೇ ನೋಡಿದೆ. ಸಮುದ್ರದ ಅಲೆಯ ಎತ್ತರ ನೋಡಿದೆ. ವಿಮಾನದಲ್ಲಿ ತುರ್ತು ಬಾಗಿಲಿಗೆ ಹತ್ತಿರದ ಸೀಟು ನೋಡಿದೆ. ಅಲ್ಲಿಯ ದೊಡ್ಡ ಆಸ್ಪತ್ರೆ ನಮ್ಮ ಹೋಟೆಲಿನಿಂದ ಎಷ್ಟು ದೂರ ಎಂದೂ ನೋಡಿದೆ. ನೋಡದೆ ಬಿಟ್ಟದ್ದು ಅಡುಗೆಮನೆಯ ಗೋಡೆಗೆ ತೂಗಿದ್ದ ಕ್ಯಾಲೆಂಡರ್ ಒಂದನ್ನೇ. ಹಣ ತುಂಬಿದ ಮೇಲೆ ಅಣ್ಣನ ಫೋನು ಬಂತು.

"ಲೇ, ಮಾಸ್ತರ. ನೀವು ಅಲ್ಲಿ ಮುಟ್ಟಿದ ಮರುದಿನ ಏನೈತಿ ನೋಡಿಯೇನ?"

"ಏನೈತಿ?"

"ಎಳ್ಳಮವಾಸಿ ಐತಿ. ಅವ್ವಗ ಯಾರು ಹೇಳ್ತಾರ ಈಗ? ನಾನಂತೂ ಹೇಳಂಗಿಲ್ಲ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಕಪ್ಪು ಮಣ್ಣಿನ ಎರೆಹೊಲಗಳಲ್ಲಿ ಜೋಳ, ಕಡಲೆ, ಗೋಧಿ ಹಸಿರಾಗಿ ನಿಂತಿರುತ್ತವೆ. ಭೂಮಿತಾಯಿ ಬಸುರಿ ಎಂದು ಲೆಕ್ಕ. ಬಸುರಿಯ ಬಯಕೆ ತೀರಿಸಲು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ತಂದ ಅಡುಗೆಯಲ್ಲಿ ಎಲ್ಲದರಿಂದಲೂ ಒಂದಿಷ್ಟು ತೆಗೆದು ಕಲಸಿ ಹೊಲದ ತುಂಬ ಎರಚುತ್ತಾರೆ. ಅದೇ ಚರಗ. ಎರಚುವಾಗ ಒಬ್ಬರು ಹೊಟ್ಟೆಯಾಳದಿಂದ "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಉಳಿದವರು "ಚಲ್ಲಂಬರಿಗೋ" ಎಂದು ಓಗೊಡಬೇಕು. ಹಾಗೆಂದರೇನು ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಅರ್ಥ ನಿನಗ್ಯಾಕ ಬೇಕು? ಹೊಲಕ್ಕ ತಿಳೀತೈತಿ," ಎಂದಿದ್ದಳು ಅವ್ವ.

ಅವಳಿಗೆ ನಾನೇ ಹೇಳಬೇಕಾಯಿತು. ಹೇಳುವ ಮೊದಲು ಪರಿಹಾರವನ್ನೂ ಸಿದ್ಧಮಾಡಿಕೊಂಡಿದ್ದೆ: ನೀನು ಇಲ್ಲೇ ಇರು, ಅಣ್ಣ ಹೇಗೂ ಚರಗ ಚೆಲ್ಲುತ್ತಾನೆ, ನೀನೂ ಚೆಲ್ಲು, ವಿಮಾನ ಇನ್ನೊಮ್ಮೆ.

"ವಿಮಾನ ಬಿಡಂಗಿಲ್ಲ," ಎಂದಳು. "ಓಣಿ ತುಂಬ ಹೇಳೀನಿ."

"ಹಂಗಾರ ಚರಗ ಬಿಡು. ಒಂದ ವರ್ಷ."

ಅವ್ವ ಎಲೆಗೆ ಸುಣ್ಣ ಸವರುತ್ತಿದ್ದವಳು ಬೆರಳು ನಿಲ್ಲಿಸಿದಳು. "ನಮ್ಮತ್ತೀನೂ ಒಂದ ವರ್ಷ ಬಿಟ್ಳು. ಮೊಳಕಾಲ ಹಿಡದಾವು, ನಾ ಬರಂಗಿಲ್ಲ, ನೀವು ಹೋಗ್ರಿ ಅಂದ್ಳು. ಮುಂದಿನ ಎಳ್ಳಮವಾಸಿಗೆ ಇರಲಿಲ್ಲ." ಎಲೆ ಮಡಚಿ ಬಾಯಿಗಿಟ್ಟಳು. "ವರ್ಷಕ್ಕೊಮ್ಮೆ ಭೂಮಿ ತಲಿ ಎಣಿಸ್ತೈತಿ ನೋಡು. ನಾ ಇದ್ದೀನಿ ಅಂತ ಹೇಳಿ ಬರಬೇಕು. ಎಲ್ಲಿ ನಿಂತು ಹೇಳಿದ್ರ ಏನು? ಅಲ್ಲೂ ಭೂಮೀನ ಇರತೈತೆಲ್ಲ?"

ನಾನು ವಿಜ್ಞಾನ ಎಂಬ ಶಬ್ದವಿರುವ ವಿಷಯ ಕಲಿಸುವವನು. ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಚಿಂತೆ ಮಾಡಲು ನಂಬಲೇಬೇಕೆಂದಿಲ್ಲವಲ್ಲ. ಆ ಕ್ಷಣದಿಂದ ಮೊಸಳೆ, ಸುನಾಮಿ, ನಳ ಎಲ್ಲವೂ ಹಿಂದೆ ಸರಿದವು. ಅವ್ವ ಅಲ್ಲಿ ಚರಗ ಚೆಲ್ಲಲಾಗದಿದ್ದರೆ, ಮುಂದಿನ ಎಳ್ಳ ಅಮಾವಾಸ್ಯೆಯವರೆಗೆ ಅವಳು ಕೆಮ್ಮಿದಾಗಲೆಲ್ಲ ನನ್ನ ಎದೆ ಹಾರುವುದು ಖಾತ್ರಿಯಾಯಿತು.

ಬುತ್ತಿ ಕಟ್ಟುವುದಕ್ಕೆ ಅವಳು ನಾಲ್ಕು ದಿನ ಮೊದಲೇ ಕೂತಳು. ಎಳ್ಳು ಹಚ್ಚಿದ ಸಜ್ಜೆಯ ಗಟ್ಟಿ ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಗೋಧಿಯ ಸಿಹಿಪುಡಿ ಮಾದಲಿ, ಗುರೆಳ್ಳು ಚಟ್ನಿ. ವಾರ ಕಳೆದರೂ ಕೆಡದಂಥವು. ಕೆಡುವ ಬದನೆಕಾಯಿ ಪಲ್ಯ ಒಂದನ್ನು ಬಿಟ್ಟದ್ದಕ್ಕೆ ಭೂಮಿತಾಯಿಯ ಕ್ಷಮೆ ಕೇಳಿದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆ ಗಂಟು ಯಂತ್ರದೊಳಗೆ ಹೋಗಿ ನಿಂತುಬಿಟ್ಟಿತು. ಸಮವಸ್ತ್ರದ ಹುಡುಗಿಯೊಬ್ಬಳು ಗುರೆಳ್ಳು ಚಟ್ನಿಯ ಡಬ್ಬಿ ಎತ್ತಿ ಹಿಡಿದು, ಈ ಕಪ್ಪು ಪುಡಿ ಏನು ಎಂದು ಕೇಳಿದಳು. ವೃತ್ತಪತ್ರಿಕೆಯ ತಲೆಬರಹದವರೆಗೆ ನನ್ನ ಯೋಚನೆ ಹೋಗಿ ಮುಟ್ಟಿತ್ತು.

"ತಿಂದ ನೋಡವಾ," ಎಂದಳು ಅವ್ವ. "ಖಾರ ಕಡಿಮಿ ಹಾಕೀನಿ."

ಹುಡುಗಿ ವಾಸನೆ ನೋಡಿದಳು. ಮುಖ ಸಡಿಲವಾಯಿತು. "ನಮ್ಮ ಅಜ್ಜಿ ಗದಗದವ್ರು," ಎಂದು ಡಬ್ಬಿ ಮುಚ್ಚಿ ಕಳಿಸಿದಳು. ವಿಮಾನ ಏರುವ ಮೊದಲು ಅಲ್ಲೇ ಕೂತು ಒಂದಿಷ್ಟು ತಿಂದೆವು. ನಾನು ಮಾತ್ರ ರೊಟ್ಟಿಯನ್ನು ಚಹಾದಲ್ಲಿ ಮುಳುಗಿಸಿ ಮೆತ್ತಗೆ ಮಾಡಿಕೊಂಡೆ. ಮೇಲಿನ ಸಾಲಿನ ಮುಂದಿನ ಹಲ್ಲಿಗೆ ನಮ್ಮೂರ ಹಲ್ಲಿನ ಡಾಕ್ಟರು ಹಿಂದಿನ ವಾರವಷ್ಟೇ ತಾತ್ಕಾಲಿಕವಾಗಿ ಒಂದು ಟೋಪಿ, ಅಂದರೆ ಕ್ಯಾಪ್, ಕೂರಿಸಿದ್ದರು. "ಹೋಗಿ ಬರ್ರಿ, ಬಂದ ಮ್ಯಾಲೆ ಖಾಯಂ ಮಾಡೂಣು. ಅಲ್ಲೀತನಕ ಕಟಕ ರೊಟ್ಟಿ ತಿನ್ನಬ್ಯಾಡ್ರಿ" ಎಂದಿದ್ದರು. ಹೇಳಿದ್ದನ್ನು ಪಾಲಿಸುವ ರೋಗಿ ನಾನು.

ವಿಮಾನದಲ್ಲಿ ಅವ್ವ ಕಿಟಕಿಗೆ ಹಣೆ ಒತ್ತಿ ಕೂತಳು. ಮೋಡ ದಾಟಿದ ಮೇಲೆ, "ಹತ್ತಿ ಬಿಡಿಸಿ ಹರವಿದಂಗ ಐತಿ. ಇದನ್ನೆಲ್ಲ ಯಾರು ತುಂಬತಾರ?" ಎಂದು ಕೇಳಿ ನಿದ್ದೆ ಹೋದಳು. ಮೂವರಲ್ಲಿ ಪೂರ್ತಿ ಎಚ್ಚರವಿದ್ದವನು ನಾನೊಬ್ಬನೇ. ರೆಕ್ಕೆಯನ್ನು ನಾನು ನೋಡುತ್ತಲೇ ಇದ್ದುದರಿಂದ ಅದು ಕಳಚಿ ಬೀಳಲಿಲ್ಲ ಎಂದು ಈಗಲೂ ಅನಿಸುತ್ತದೆ.

ಮುಟ್ಟಿದ ದಿನ ಮಧ್ಯಾಹ್ನವೇ ಅವ್ವ ಜಾಗ ನೋಡಲು ಹೊರಟಳು. ಬೇರೆಯವರು ಅಲ್ಲಿ ಸಮುದ್ರ ನೋಡುತ್ತಾರೆ. ಅವಳು ಮಣ್ಣು ನೋಡುತ್ತಿದ್ದಳು. ಹೋಟೆಲಿನವರು ಹತ್ತಿಸಿದ ಸಣ್ಣ ದೋಣಿ ನಮ್ಮನ್ನು ಒಂದು ಹಿನ್ನೀರಿನೊಳಗೆ ಒಯ್ದಿತು. ಎರಡೂ ದಂಡೆಗೆ ಕಾಂಡ್ಲಾ ಕಾಡು, ಪ್ರವಾಸಿಗರೆಲ್ಲ ಮ್ಯಾಂಗ್ರೋವ್ ಮ್ಯಾಂಗ್ರೋವ್ ಎನ್ನುತ್ತ ಮೊಬೈಲು ಎತ್ತಿದ್ದೇ ಅದಕ್ಕೆ. ಬೇರುಗಳು ನೀರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೆ ಇಳಿದಿದ್ದವು. ನೀರು ಬಂದರೆ ಸೀರೆ ಒದ್ದೆಯಾಗುತ್ತದೆಂದು ನಿರಿಗೆ ಎತ್ತಿ ಕಟ್ಟಿ ನಿಂತ ಹೆಂಗಸರ ಹಾಗೆ ಕಾಣುತ್ತಿದ್ದವು. ಉಪ್ಪುನೀರಿನಲ್ಲಿ ಉಸಿರಾಡಲು ಬೇರು ಮೇಲೆ ಬರುತ್ತವೆ ಎಂದು ನಾನು ಪಾಠ ಶುರು ಮಾಡಿದೆ.

"ಬೇರು ಮ್ಯಾಲೆ ಬಂದಾವಂದ್ರ ನಟ್ಟಾವಗ ನಡಾಕ ಬಂದಿಲ್ಲ," ಎಂದು ಅವ್ವ ನನ್ನ ಪಾಠ ಮುಗಿಸಿದಳು.

ದೋಣಿ ದಂಡೆಗೆ ತಾಗಿ ನಿಂತಾಗ ಅವಳು ಬಗ್ಗಿ ಕೈಚಾಚಿ ಒಂದು ಮುಷ್ಟಿ ಕೆಸರು ಎತ್ತಿದಳು. ಬೆರಳ ನಡುವೆ ಹಿಸುಕಿದಳು. ಕಪ್ಪಗೆ, ಜಿಗುಟು. "ಎರೀನ ಐತಿ," ಎಂದಳು, ಊರವರು ಯಾರೋ ಸಿಕ್ಕಂತೆ. ನಾಲಿಗೆಗೆ ತಾಗಿಸಿದಳು. "ಉಪ್ಪ ಆಗೈತಿ. ಆದ್ರೂ ಎರಿ. ಇಲ್ಲೇ ಚೆಲ್ಲೂಣು ನಾಳೆ."

ಅವಳ ಕೈಗಿಂತ ತುಸು ಮೇಲೆ, ಬೇರಿಗೆ ಕಟ್ಟಿದ ಹಲಗೆಯ ಮೇಲೆ ಬಾಯಿ ತೆರೆದ ಮೊಸಳೆಯ ಚಿತ್ರವಿತ್ತು. ನಾನು ಅದನ್ನು ತೋರಿಸಿದೆ. ಕೈ ಒಳಗೆ ಬಂತು.

"ಇಲ್ಲಿ ಚೆಲ್ಲಿದ್ರ ಮೊಸಳಿಗೆ ಮುಟ್ಟತೈತೇನು?"

"ಮೊದಲ ಚರಗ ಮುಟ್ಟತೈತಿ. ಆಮ್ಯಾಲೆ ನೀನು," ಎಂದೆ.

ಹೆಂಡತಿ ನಕ್ಕಳು. ಅವ್ವ ನಗಲಿಲ್ಲ. ಆ ರಾತ್ರಿ ಊಟದ ಹೊತ್ತಿಗೂ, "ಒಂದ ಹೆಜ್ಜಿ ನಿಲ್ಲಾಕ ಭೂಮಿ ಬೇಕಪಾ, ಮತ್ತೇನು ಬ್ಯಾಡ" ಎಂದು ಅನ್ನವನ್ನು ತಾಟಿನಲ್ಲಿ ಅತ್ತಿಂದಿತ್ತ ಸರಿಸುತ್ತಿದ್ದಳು.

ಮರುದಿನ, ಅಮಾವಾಸ್ಯೆಯಂದು, ನಾವು ಹೋಗಬೇಕಾದದ್ದು ಒಂದು ಪುಟ್ಟ ದ್ವೀಪಕ್ಕೆ. ಇಂಗ್ಲಿಷರು ಅಲ್ಲಿ ಕೂತು ಆ ಸೀಮೆಯನ್ನೆಲ್ಲ ಆಳಿದ್ದರಂತೆ. ಎದುರಿನ ದೊಡ್ಡ ದ್ವೀಪದಲ್ಲಿ ನಮ್ಮವರನ್ನು ಸೆರೆಯಲ್ಲಿಟ್ಟು, ತಾವು ಈ ಸಣ್ಣದರ ಮೇಲೆ ಚರ್ಚು, ಕ್ಲಬ್ಬು, ಈಜುಕೊಳ, ಕುಣಿಯುವ ಮನೆ, ರೊಟ್ಟಿ ಸುಡುವ ಭಟ್ಟಿ ಕಟ್ಟಿಕೊಂಡು ಗಾಳಿ ಕುಡಿಯುತ್ತಿದ್ದರು. ಈಗ ಅದೆಲ್ಲ ಬಿದ್ದಿದೆ. ಬಿದ್ದದ್ದನ್ನು ಗಿಡಗಳು ಹಿಡಿದಿವೆ. ಕುಣಿಯುವ ಮನೆಯ ಗೋಡೆಯನ್ನು ಒಂದು ಗಿಡದ ಬೇರು ಮೇಲಿಂದ ಕೆಳತನಕ ಐದೂ ಬೆರಳು ಊರಿ ಹಿಡಿದಿತ್ತು, ಬಾಕಿ ವಸೂಲಿಗೆ ಬಂದವನು ಕೊರಳಪಟ್ಟಿ ಹಿಡಿದಂತೆ. ಸಾಹೇಬರ ಭಟ್ಟಿಯೊಳಗೆ ಒಂದು ನವಿಲು ಕೂತಿತ್ತು. ನಮ್ಮ ಪಠ್ಯಪುಸ್ತಕ ಸಾಮ್ರಾಜ್ಯದ ಪತನಕ್ಕೆ ಕೊಡುವ ಕಾರಣಗಳಲ್ಲಿ ಬೇರು ಇಲ್ಲ, ಸೇರಿಸಬೇಕು.

ಅವ್ವ ಸೊಂಟಕ್ಕೆ ಕೈ ಇಟ್ಟು ನಿಂತು ಎಲ್ಲ ನೋಡಿದಳು. "ಇಷ್ಟ ದೂರ ಬಂದು ಬಿದ್ದ ಮನಿ ನೋಡೂದಾ? ನಮ್ಮೂರ ಗೌಡ್ರ ವಾಡೇನೂ ಬಿದ್ದೈತಿ. ಅಲ್ಲೆ ತಿಕೀಟ ಇಲ್ಲ."

ಅಷ್ಟರಲ್ಲಿ ಅವು ಬಂದವು.

ಚುಕ್ಕೆ ಜಿಂಕೆಗಳು. ಚರ್ಚಿನ ಹಿಂದಿನಿಂದ ಒಂದು, ಎರಡು, ಆಮೇಲೆ ಹಿಂಡು. ಸಾಹೇಬರು ಬೇಟೆಯ ಮೋಜಿಗೆ ತಂದುಬಿಟ್ಟ ಜಿಂಕೆಗಳ ಮೊಮ್ಮಕ್ಕಳಂತೆ; ಈಗ ಬೇಟೆಯಾಡುವವರಿಲ್ಲ, ಹುಲಿಯಿಲ್ಲ, ಹೆದರಿಕೆ ಎಂಬುದೇ ಗೊತ್ತಿಲ್ಲ. ಪ್ರವಾಸಿಗರು ಅವುಗಳ ಸುತ್ತ ಮಂಡಿಯೂರಿ ಕೂತು, ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸಿ, ಉಸಿರು ಹಿಡಿದು ಫೋಟೋ ತೆಗೆಯುತ್ತಿದ್ದರು. ಹುಡುಗಿಯೊಬ್ಬಳು ತನ್ನ ಗಂಡನಿಗೆ ಪಿಸುಮಾತಿನಲ್ಲಿ ಹೇಳುತ್ತಿದ್ದುದು ಕೇಳಿಸುವಷ್ಟು ನಿಶ್ಶಬ್ದ.

ಇಲ್ಲಿ ನಮ್ಮ ಸೀಮೆಯ ಒಂದು ಸಂಗತಿ ತಿಳಿದಿರಬೇಕು. ನವಲಗುಂದ, ಅಣ್ಣಿಗೇರಿ ಕಡೆಯ ಹೊಲಗಳಿಗೆ ಚಿಗರಿ ನುಗ್ಗುತ್ತವೆ. ಪುಸ್ತಕದಲ್ಲಿ ಅವಕ್ಕೆ ಕೃಷ್ಣಮೃಗ ಎಂದು ಹೆಸರು. ನಮ್ಮಣ್ಣ ಅವನ್ನು ಕರೆಯುವ ಹೆಸರು ಬರೆಯಲು ಬರುವುದಿಲ್ಲ. ಹೆಸರುಕಾಳು, ಕಡಲೆ ಮೊಳಕೆಯೊಡೆದು ಎರಡೆಲೆಯಾಯಿತೆಂದರೆ ಬೆಳಗಾಗುವುದರೊಳಗೆ ಹಿಂಡು ಬಂದು ಸಾಲಿಗೆ ಸಾಲೇ ಬೋಳಿಸಿ ಹೋಗುತ್ತದೆ. ಅವನ್ನು ಅಟ್ಟುವುದರಲ್ಲೇ ನಮ್ಮವ್ವನ ಅರ್ಧ ಆಯುಷ್ಯ ಕಳೆದಿದೆ. ಕಣ್ಣಿಗೆ ಜಿಂಕೆ ಬಿದ್ದರೆ ಅವಳ ಗಂಟಲು ಅವಳ ಮಾತು ಕೇಳುವುದಿಲ್ಲ.

"ಹಾಯ್ ಹಾಯ್ ಹಾಯ್! ಎಲ್ಲಿಗೆ ಬಂದ್ರೇ ನಿಮ್ಮ ಬಾಯಾಗ ಮಣ್ಣ ಹಾಕ!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಚಪ್ಪಾಳೆ ಬಡಿಯುತ್ತ ಅವಳು ಮುಂದೆ ಓಡಿದಳು. ಮೊಳಕಾಲು ನೋವಿನ ಹೆಂಗಸು. ಆ ಜಿಂಕೆಗಳ ತಲೆಮಾರುಗಳಲ್ಲಿ ಯಾವುದೂ ಇಂಥದ್ದನ್ನು ಕೇಳಿರಲಿಲ್ಲ. ಹಿಂಡೆಲ್ಲ ಒಂದೇ ನೆಗೆತಕ್ಕೆ ಎದ್ದು, ಟೆನಿಸ್ ಕೋರ್ಟು ದಾಟಿ, ಚರ್ಚಿನ ಗೋಡೆಯ ಸಂದಿಯಲ್ಲಿ ನುಗ್ಗಿ ಮಾಯವಾಯಿತು. ಮಂಡಿಯೂರಿದವರು ಮಂಡಿಯೂರಿಯೇ ಇದ್ದರು. ನವಿಲು ಭಟ್ಟಿಯೊಳಗಿಂದ ಹೊರಬಂದು ನೋಡಿ ಒಳಗೆ ಹೋಯಿತು. ಯಾರದೋ ಕೂಸು ಅಳತೊಡಗಿತು.

ಅವ್ವ ಏದುಸಿರು ಬಿಡುತ್ತ ತಿರುಗಿ, ಅಷ್ಟು ಮಂದಿ ತನ್ನನ್ನೇ ನೋಡುತ್ತಿರುವುದನ್ನು ಕಂಡಳು. "ಯಾರೂ ಏಳಂಗಿಲ್ಲಲ್ಲೋ. ಎಲ್ಲಾ ತಿಂದ ಹೋಗತಿದ್ವು," ಎಂದಳು ನನಗೆ.

"ಏನ ತಿಂತಿದ್ವು ಅತ್ತಿ? ಇಲ್ಲೇನು ಕಡ್ಲಿ ಹಾಕ್ಯಾರ?" ಎಂದಳು ಹೆಂಡತಿ.

ಕಾವಲುಗಾರ ಬಂದ. ನನ್ನ ವಯಸ್ಸಿನವನೇ, ಖಾಕಿ ಅಂಗಿ, ಕೈಯಲ್ಲಿ ಬೆತ್ತ. ಹಿಂದಿಯಲ್ಲಿ ಬೈದ. ಪ್ರಾಣಿಗಳನ್ನು ಹೆದರಿಸುವುದು ಅಪರಾಧವೆಂದ. ನನ್ನ ಹುಬ್ಬಳ್ಳಿ ಹಿಂದಿ ಇಂಥ ಹೊತ್ತಿಗೆ ಒದಗುವುದಿಲ್ಲ. ಕೈಮುಗಿದು ನಿಂತೆ. ದಂಡ, ಠಾಣೆ, ಮುಖ್ಯೋಪಾಧ್ಯಾಯರಿಗೆ ಹೋಗುವ ವರದಿ, ಅದನ್ನು ಓದುವ ಸಹೋದ್ಯೋಗಿಗಳ ಮುಖ, ಎಲ್ಲ ಸಾಲಾಗಿ ಹಾದುಹೋದವು. ಹೆಂಡತಿ ಮುಂದೆ ಬಂದು ಅವನಿಗೆ ನಮ್ಮ ಹೊಲದ ಕಥೆ ಹೇಳಿದಳು. ಹೇಳಿ, ಹೇಗೂ ಬೈಸಿಕೊಂಡದ್ದಾಗಿದೆ ಎಂದು, ಚರಗದ ಕಥೆಯನ್ನೂ ಹೇಳಿ ಅನುಮತಿ ಕೇಳಿಬಿಟ್ಟಳು.

ಅವನು ಗಂಟು ನೋಡಿದ. ಪೂಜೆಗೆ ಅಡ್ಡಿಯಿಲ್ಲವೆಂದ. ಆದರೆ ಪಕ್ಕದ ಫಲಕದ ಮೇಲೆ ಬೆತ್ತದಿಂದ ತಟ್ಟಿದ: ಜಿಂಕೆಗಳ ಬಾಯಿಗೆ ಒಂದು ಅಗುಳೂ ಬೀಳಕೂಡದು. ಅತ್ತ ದಂಡೆಯ ಕಡೆ, ಕಾಂಡ್ಲಾ ಗಿಡಗಳಿರುವಲ್ಲಿ, ಅವು ಹೋಗುವುದಿಲ್ಲ. ಅಲ್ಲಿ ಮಾಡಿ, ತಾನೇ ನಿಂತು ನೋಡುತ್ತೇನೆ ಎಂದ. ಅವ್ವನಿಗೆ ಹೆಂಡತಿ ಅನುವಾದಿಸಿದಳು.

"ಚಲೋ ಆತು. ಮಂದಿ ಬೇಕಾಗಿತ್ತು ಓಗೊಡಾಕ," ಎಂದಳು ಅವ್ವ.

ದಂಡೆಗೆ ಇಳಿಯುವಲ್ಲಿ ಒಂದು ಗೋಡೆ ಪೂರ್ತಿ ಕುಸಿದು ಅದರ ಇಟ್ಟಿಗೆ ಚೂರುಗಳು ಹುಲ್ಲಿನಲ್ಲಿ ಬಿದ್ದಿದ್ದವು. ಅವ್ವ ಐದು ಆರಿಸತೊಡಗಿದಳು. ನಾನು ಸುತ್ತ ನೋಡಿದೆ. ಸ್ಮಾರಕದ ಇಟ್ಟಿಗೆ ಎತ್ತಿದರೆ ಏನು ಶಿಕ್ಷೆ ಎಂದು ಅಲ್ಲೆಲ್ಲೂ ಬರೆದಿರಲಿಲ್ಲ; ಬರೆಯದ ಶಿಕ್ಷೆ ಹೆಚ್ಚು ಭಯಂಕರ.

"ಅವ್ವಾ, ಇವು ಇಂಗ್ಲಿಷರ ಇಟ್ಟಂಗಿ. ಪಾಂಡವರು ಅಂತ ಹೆಂಗ ಇಡ್ತಿ?"

ಹೆಂಡತಿ ಅಲ್ಲಿದ್ದ ಹಲಗೆ ಓದುತ್ತಿದ್ದಳು. "ಇಂಗ್ಲಿಷರು ಎಲ್ಲಿ ಸುಟ್ರು? ಕೈದಿಗಳ ಕಡೆ ಸುಡಿಸ್ಯಾರ. ಇಟ್ಟಂಗಿ, ಗೋಡಿ, ಎಲ್ಲಾ ಅವರ ಕೈಲೇ ಮಾಡಿಸ್ಯಾರ."

ಅವ್ವ ಕೈಯಲ್ಲಿದ್ದ ಚೂರನ್ನು ಹೊರಳಿಸಿ ನೋಡಿದಳು. ಹೆಬ್ಬೆರಳಿನಿಂದ ಅದರ ಮೇಲಿನ ಪಾಚಿ ಒರೆಸಿದಳು. "ಊರು ಬಿಟ್ಟು ಕಾಡಿಗೆ ಬಂದವ್ರು. ಪಾಂಡವರೂ ಹಂಗ ಅಲ್ಲೇನು?" ಎಂದಳು. "ನಡೀತೈತಿ."

ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಐದೂ ಚೂರಿಗೆ ಬೊಟ್ಟಿಟ್ಟು, ಒಂದು ಕಾಂಡ್ಲಾ ಗಿಡದ ಬೇರಿನ ಕಮಾನಿನ ಕೆಳಗೆ ಕೂರಿಸಿದಳು. ಬನ್ನಿಗಿಡ ಇಲ್ಲದ್ದಕ್ಕೆ ಅದೇ ಬನ್ನಿ. ರೊಟ್ಟಿ ಮುರಿದು, ಹೋಳಿಗೆ ಪುಡಿಮಾಡಿ, ಮಾದಲಿ ಬೆರೆಸಿ ಹರಿವಾಣದಲ್ಲಿ ಕಲಸಿದಳು. ಉಪ್ಪುಗಾಳಿಗೆ ಎಳ್ಳಿನ ವಾಸನೆ ಏರಿತು. ಕಾವಲುಗಾರ ಒಂದು ಹೆಜ್ಜೆ ಹತ್ತಿರ ಬಂದ.

"ಹೂಂ, ಕೂಗು," ಎಂದಳು ನನಗೆ.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹೊಲದಲ್ಲಿ ಅಪ್ಪ ಕೂಗುತ್ತಿದ್ದ, ಅವನು ಹೋದ ಮೇಲೆ ಅಣ್ಣ. ನಾನು ಯಾವಾಗಲೂ ಓಗೊಡುವ ಮಂದಿಯ ಹಿಂದಿನ ಸಾಲಿನವನು, ತುಟಿ ಅಲ್ಲಾಡಿಸುವವನು. ದಂಡೆಯ ಮೇಲಿನ ಕಾಲುದಾರಿಯಲ್ಲಿ ಆಗಲೇ ಪ್ರವಾಸಿಗರು ನಿಂತು, ಜಿಂಕೆ ಓಡಿಸಿದ ಮುದುಕಿ ಮುಂದೇನು ಮಾಡುತ್ತಾಳೆಂದು ನೋಡುತ್ತಿದ್ದರು. ಕೆಲವರ ಮೊಬೈಲು ಮೇಲೆದ್ದಿತ್ತು.

"ಹುಲ್ಲುಲ್ಲಿಗೋ," ಎಂದೆ.

"ಇದೇನೋ? ಬ್ಯಾಂಕಿನ್ಯಾಗ ಸಾಹೇಬನ ಮುಂದ ಮಾತಾಡಿದಂಗ. ಭೂಮಿಗೆ ಕೇಳಬೇಕು."

"ಹುಲ್ಲುಲ್ಲಿಗೋ."

"ನನಗ ಕೇಳಲಿಲ್ಲ." ಕೈಯಲ್ಲಿ ಚರಗ ಹಿಡಿದು ಕಾಯುತ್ತಿದ್ದಳು. ನಗುತ್ತಿರಲಿಲ್ಲ. "ಎಣಿಸೋ ಹೊತ್ತಿನ್ಯಾಗ ನಾ ಎಲ್ಲಿದ್ದೀನಿ ಅಂತ ಗೊತ್ತಾಗಬೇಕಲ್ಲೋ ಅದಕ್ಕ. ಅಷ್ಟ ದೂರದಿಂದ ಬಂದೀನಿ."

ಆಮೇಲೆ ನಾನು ಕೂಗಿದೆ. ಹೇಗೆ ಕೂಗಿದೆನೋ ಗೊತ್ತಿಲ್ಲ. ಕಾಲು ಕೆಸರಿನಲ್ಲಿ ಊರಿ, ಕಣ್ಣು ಮುಚ್ಚಿ, ಹೊಟ್ಟೆ ಒಳಗೆ ಎಳೆದು, ಇಷ್ಟು ವರ್ಷ ಪಾಠ ಮಾಡುವಾಗ ಒಮ್ಮೆಯೂ ತೆಗೆಯದ ದನಿಯನ್ನು ತೆಗೆದು ಕೂಗಿದೆ. "ಹುಲ್ಲುಲ್ಲಿಗೋ…" ಅದು ನೀರಿನ ಮೇಲೆ ಹೋಗಿ, ಎಲ್ಲೋ ಬಡಿದು, ಕುಣಿಯುವ ಮನೆಯ ಗೋಡೆಯಿಂದ ತಿರುಗಿ ಬಂತು. "ಚಲ್ಲಂಬರಿಗೋ," ಎಂದಳು ಹೆಂಡತಿ. ಅವಳ ಹಿಂದೆ ಕಾವಲುಗಾರನೂ ಅಂಥದ್ದೇ ಏನನ್ನೋ ಎಂದ. ಅವ್ವ ಎರಚಿದಳು. ಮೊದಲ ಮುಷ್ಟಿ ಕಾಂಡ್ಲಾ ಬೇರಿನ ಮೇಲೆ, ಎರಡನೆಯದು ನೀರಿಗೆ, ಮೂರನೆಯದು ಹುಲ್ಲಿಗೆ. ಅವಳ ಮುಖದಲ್ಲಿ ಅಂಥ ನಿಶ್ಚಿಂತೆಯನ್ನು ನಾನು ಹಿಂದೆ ನೋಡಿರಲಿಲ್ಲ. ಅದು ನಮ್ಮ ವಂಶದಲ್ಲಿ ಇದೆಯೆಂದೇ ಗೊತ್ತಿರಲಿಲ್ಲ.

ನಮ್ಮ ಹೊಲದಲ್ಲಿ ಹೀಗೆ ಕೂಗಿದರೆ ಚಿಗರಿ ಮೂರು ಹೊಲ ದಾಟಿ ಓಡುತ್ತವೆ. ಆ ದ್ವೀಪದ ರೂಢಿ ಬೇರೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಯಾರಾದರೂ ಕೊರಳೆತ್ತಿ ರಾಗವಾಗಿ ಕರೆದರೆ ಕಾವಲಿನವರು ಹುಲ್ಲು ಹಾಕುತ್ತಾರೆ ಎಂದರ್ಥ. ಕಣ್ಣು ಬಿಡುವಷ್ಟರಲ್ಲಿ, ಆಗಷ್ಟೇ ಪ್ರಾಣಭಯದಿಂದ ಓಡಿದ ಹಿಂಡು ಪೂರ್ತಿ ಚರ್ಚಿನ ಕಡೆಯಿಂದ ಇಳಿದು ಬರುತ್ತಿತ್ತು. ಬಂದವು ನೇರ ಚರಗಕ್ಕೆ ಬಾಯಿ ಹಾಕಿದವು.

ಕಾವಲುಗಾರ ಬೆತ್ತ ಬೀಸಿದ. ಅವು ಅವನನ್ನು ದಿನಾ ನೋಡಿದ್ದವು, ಲಕ್ಷ್ಯ ಕೊಡಲಿಲ್ಲ. ಸುತ್ತ ಓಡಾಡಿ ಬೆವರಿದ. ಕೊನೆಗೆ ನಮ್ಮವ್ವನ ಮುಂದೆ ಬಂದು ಕೈಮುಗಿದ. ಏನೆಂದನೆಂದು ಹೆಂಡತಿ ನಗು ತಡೆದುಕೊಂಡು ಹೇಳಿದಳು: "ಅತ್ತಿ, ಆಗಳೆ ಮಾಡಿದ್ರಲ್ಲ, ಅದನ್ನ ಇನ್ನೊಮ್ಮೆ ಮಾಡ್ರಿ ಅಂತಾನ."

ಅವ್ವ ಜಿಂಕೆಗಳನ್ನು ನೋಡಿದಳು. ಜೀವಮಾನದ ವೈರಿಗಳು, ಬೇರೆ ಅಂಗಿ ತೊಟ್ಟು, ಅವಳ ಸಜ್ಜೆರೊಟ್ಟಿ ಮೇಯುತ್ತಿದ್ದವು. ಗಂಟಲು ಒಮ್ಮೆ ಅಲುಗಿತು. ನುಂಗಿಕೊಂಡಳು.

"ಇಲ್ಲಪಾ. ಚರಗಕ್ಕ ಬಂದವ್ರನ್ನ ಅಟ್ಟಬಾರದು," ಎಂದಳು. "ಇವತ್ತೊಂದಿನ ತಿನ್ಲಿ. ನಾಳಿ ಬಂದ್ರ ನೋಡ್ತೀನಿ."

ಅವನಿಗೆ ಒಂದು ಹೋಳಿಗೆ ಕೊಟ್ಟಳು. ಅವನು ಫಲಕದ ಕಡೆ ಬೆನ್ನು ಮಾಡಿ ಕೂತು ತಿಂದ.

ಎಲ್ಲ ಸುಸೂತ್ರವಾಯಿತು ಎಂದುಕೊಂಡು ನಾನು ಉದ್ದಕ್ಕೆ ಉಸಿರು ಎಳೆದೆ. ಆ ಉಸಿರು ಮೇಲಿನ ಹಲ್ಲಿನ ಹತ್ತಿರ ತಣ್ಣಗೆ ತಾಗಿತು. ನಾಲಿಗೆ ಹೊರಳಿಸಿದೆ. ಅಲ್ಲಿ ಇರಬೇಕಾದದ್ದು ಇರಲಿಲ್ಲ. ಡಾಕ್ಟರು ರೊಟ್ಟಿ ತಿನ್ನಬೇಡಿ ಎಂದಿದ್ದರು, ಕೂಗಬೇಡಿ ಎಂದಿರಲಿಲ್ಲ. ಕೆಳಗೆ ನೋಡಿದೆ. ಹುಲ್ಲಿನ ಮೇಲೆ, ಮಾದಲಿಯ ಚೂರುಗಳ ನಡುವೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಬೆಳ್ಳನೆಯದೊಂದು ಹೊಳೆಯುತ್ತಿತ್ತು. ನಾನು ಬಗ್ಗಿದೆ. ನನಗಿಂತ ಮೊದಲು ಒಂದು ಒದ್ದೆ ಮೂಗು ಬಗ್ಗಿತು. ಜಿಂಕೆ ಮೆದ್ದಿತು, ಒಂದು ಕ್ಷಣ ನಿಂತು ಯೋಚಿಸಿತು, ನುಂಗಿತು.

"ಅವ್ವಾ, ನನ್ನ ಹಲ್ಲು," ಎಂದೆ.

ಅವ್ವ ಖಾಲಿ ಹರಿವಾಣವನ್ನು ಸಮುದ್ರದ ನೀರಿನಲ್ಲಿ ತೊಳೆಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ಬಿಡು. ಚರಗದಾಗ ಬಿದ್ದದ್ದು ತಿರುಗಿ ಕೇಳಬಾರದು."